ಸಿದರಾಯನ ಮನೆಯ ಹನ್ನೊಂದು ದೋಷಗಳು

ನಮ್ಮ ಕಡೆ ಮದುವೆ ಕುದುರುವುದು ಹುಡುಗಿಯನ್ನು ನೋಡಿದ ದಿನ ಅಲ್ಲ. ಹುಡುಗಿಯ ಕಡೆಯವರು ‘ಮನಿ ನೋಡಾಕ’ ಬರುತ್ತಾರಲ್ಲ, ಆ ದಿನ. ಹತ್ತು ಹನ್ನೆರಡು ಜನ ಗಾಡಿ ಮಾಡಿಕೊಂಡು ಬರುತ್ತಾರೆ. ಕೈ ತೊಳೆಯುವ ನೆಪದಲ್ಲಿ ನಲ್ಲಿ ತಿರುಗಿಸಿ ನೋಡುತ್ತಾರೆ. ಹಿತ್ತಲಲ್ಲಿ ಗಾಳಿಗೆ ನಿಲ್ಲುವ ನೆಪದಲ್ಲಿ ಬಾಜೂ ಮನೆಯವರನ್ನು ಮಾತಾಡಿಸುತ್ತಾರೆ. ಸರಕಾರದ ಯಾವ ತಪಾಸಣೆಯೂ ಇದರ ಮುಂದೆ ಏನೂ ಅಲ್ಲ. ಸರಕಾರದವರು ಅಕ್ಕಿ ಡಬ್ಬಿಯ ಮುಚ್ಚಳ ತೆಗೆದು ಹುಳ ಹುಡುಕಿದ್ದನ್ನು ನಾನಂತೂ ಕಂಡಿಲ್ಲ.

ಈ ತಪಾಸಣೆಯಲ್ಲಿ ಖಾನಾಪುರದ ಸಿದರಾಯ ಮೂರು ಸಲ ನಪಾಸಾಗಿದ್ದ. ಮೊದಲನೆಯ ಸಲ ನಲ್ಲಿ ತಿರುಗಿಸಿದರೆ ನೀರಿನ ಬದಲು ಗಾಳಿ ಬಂತು. ಎರಡನೆಯ ಸಲ, ಅಕ್ಕಿ ಡಬ್ಬಿಗೆ ಕೈಹಾಕಿದ ಹುಡುಗಿಯ ಅತ್ತೆಗೆ ಇವನ ತಾಯಿ ಮಾಯಕ್ಕ, “ಅಕ್ಕಿ ಎಣಸೂದ ಆಗಿದ್ರ ಮುಚ್ಚಳಾ ಹಾಕ್ರಿ” ಎಂದುಬಿಟ್ಟಳು. ಮೂರನೆಯ ಸಲ ಎಲ್ಲವೂ ಸುಸೂತ್ರವಾಗಿ ಮುಗಿದು, ಬಂದವರು ಚಪ್ಪಲಿ ಮೆಟ್ಟುವಾಗ ಅವನ ಸೋದರಮಾವ ಕಲ್ಮೇಶ ಬಾಯಿ ತೆರೆದ. “ಮೂವತ್ತೆರಡಲ್ರಿ ಇವಗ, ಮೂವತ್ತಾರು. ತೊಟ್ಟಲಾ ತೂಗಿದಂವ ನಾನ ಅದೇನಿ.” ಕಲ್ಮೇಶ ಮಾವನಿಗೆ ಕುಡಿತವಿಲ್ಲ, ಇಸ್ಪೀಟಿಲ್ಲ. ಖರೇ ಹೇಳುವುದೊಂದೇ ಚಟ.

ನಾನು ಸಿದರಾಯನ ಜೊತೆ ಒಂದೇ ಬಸ್ಸಿನಲ್ಲಿ ಮಚ್ಛೆಗೆ ಹೋಗಿಬರುವವನು, ಒಂದೇ ಟೇಬಲ್ಲಿನ ಈಚೆ ಬದಿಗೆ ಕೂರುವವನು. ಹಾಗಾಗಿ ಈ ಕಥೆಯಲ್ಲಿ ಸುಳ್ಳಿಲ್ಲ. ಇದ್ದರೆ ಅದು ನನ್ನದಲ್ಲ, ಅವನದು.

ಮಚ್ಛೆಯಲ್ಲಿ ನಮ್ಮ ಮಾಲೀಕರಾದ ಬಾಳಾಸಾಹೇಬರದು ಉಪ್ಪಿನಕಾಯಿ ಮತ್ತು ಶೇಂಗಾ ಚಟ್ನಿಯ ಕಾರ್ಖಾನೆ. ವರ್ಷಕ್ಕೊಮ್ಮೆ ಲೈಸೆನ್ಸಿನ ತಪಾಸಣೆ. ಅದಕ್ಕೆ ನಮ್ಮ ತಯಾರಿ ಹೇಗಿತ್ತೆಂದರೆ, ಎರಡು ದಿನ ಮೊದಲು ನಾನೂ ಸಿದರಾಯನೂ ನಾಲ್ಕು ಥರದ ಪೆನ್ನು ಇಟ್ಟುಕೊಂಡು ಕುಳಿತು ಇಡೀ ವರ್ಷದ ರಜಿಸ್ಟರು ತುಂಬುತ್ತಿದ್ದೆವು. ನೆಲ ತೊಳೆಯಲಾಗಿದೆ, ಇಲಿ ಇಲ್ಲ, ನೆಲ ತೊಳೆಯಲಾಗಿದೆ, ಇಲಿ ಇಲ್ಲ. ನಂಬಿಕೆ ಬರಲೆಂದು ಅಲ್ಲಲ್ಲಿ ಚಹಾದ ಕಲೆಯನ್ನೂ ಮಾಡುತ್ತಿದ್ದೆವು. ಹೋದ ವರ್ಷ ಬಂದ ಅಧಿಕಾರಿ ಪುಟ ತಿರುವುತ್ತ ತಿರುವುತ್ತ ನಿಂತು, ಬಾಳಾಸಾಹೇಬರನ್ನು ಕರೆದು, “ಜೂನ್ ಮೂವತ್ತೊಂದಕ್ಕೂ ಇಲಿ ಇಲ್ಲ ಅಂತ ಬರದೀರಲ್ರಿ” ಎಂದು ಕೇಳಿದರು. ಆ ಸಾಲು ಸಿದರಾಯನದು.

ಅದಾದ ಮೇಲೆ ಬಾಳಾಸಾಹೇಬರು ತಪಾಸಣೆಯ ತಯಾರಿ ನೋಡಿಕೊಳ್ಳುವ ‘ಸಜ್ಜು’ ಎಂಬ ಸಾಫ್ಟ್‌ವೇರ್ ತಂದರು. ಜೂನ್ ಮೂವತ್ತೊಂದರ ಶಿಕ್ಷೆಯಾಗಿ ಅದನ್ನು ಸಿದರಾಯನ ಕೊರಳಿಗೆ ಕಟ್ಟಿದರು. ಈ ವರ್ಷ ಅದರ ಹೊಸ ಆವೃತ್ತಿ ಬಂತು. ಕಂಪನಿಯ ಪೂರ್ಣಿಮಾ ಮೇಡಂ ಬಂದು ನಾಲ್ಕು ಸುಧಾರಣೆಗಳನ್ನು ವಿವರಿಸಿದರು. ಒಂದು, ಕೆಲಸ ಮಾಡಿದವರೇ ‘ಆಯಿತು’ ಅನ್ನುವ ಹಾಗಿಲ್ಲ, ಬೇರೊಬ್ಬರು ನೋಡಿ ಒಪ್ಪಬೇಕು. ಎರಡು, ಬಾಯಿಮಾತು ನಡೆಯದು, ಫೋಟೋ ಬೇಕು. ಮೂರು, ಗಡುವು ಮೀರಿದ ಕೆಲಸ ಕೆಂಪಾಗಿ ತಂತಾನೇ ಮಾಲೀಕರ ಫೋನಿಗೆ ಹೋಗುತ್ತದೆ. ನಾಲ್ಕನೆಯದನ್ನು ಅವರು ಹೇಳುವಾಗ ಸಿದರಾಯ ಟೇಬಲ್ಲಿನ ಕೆಳಗೆ ಮೊಬೈಲಿನಲ್ಲಿ ಒಂದು ಫೋಟೋ ನೋಡುತ್ತಿದ್ದ. ನಾನೂ ಅದನ್ನೇ ನೋಡುತ್ತಿದ್ದೆ. ಹೀಗಾಗಿ ನಾಲ್ಕನೆಯದು ನಮ್ಮಿಬ್ಬರಿಗೂ ಗೊತ್ತಾಗಲಿಲ್ಲ.

ಫೋಟೋದಲ್ಲಿದ್ದವಳು ಶೀತಲ. ಕಾಕತಿಯ ಹುಡುಗಿ, ಬೆಳಗಾವಿಯಲ್ಲಿ ರಕ್ತ ತಪಾಸುವ ಲ್ಯಾಬಿನಲ್ಲಿ ಕೆಲಸ. ಸಿದರಾಯ ಹೋಗಿ ನೋಡಿ ಬಂದಿದ್ದ. ಆವತ್ತಿನಿಂದ ಅವನು ಬಸ್ಸಿನಲ್ಲಿ ಸೀಟಿಗಾಗಿ ಜಗಳ ಆಡುವುದನ್ನೇ ಬಿಟ್ಟಿದ್ದ. ಬರುವ ಭಾನುವಾರ ಅವಳ ಕಡೆಯವರು ಮನೆ ನೋಡಲು ಬರುವವರಿದ್ದರು. ಮಧ್ಯಸ್ಥಗಾರ ಒಂದು ಸಣ್ಣ ಉಪಕಾರ ಮಾಡಿದ್ದ. ಹುಡುಗ ಸಾಫ್ಟ್‌ವೇರ್ ಮ್ಯಾನೇಜರ್ ಅಂತ ಹೇಳಿಬಿಟ್ಟಿದ್ದ.

“ಸಿದರಾಯಾ,” ಎಂದರು ಬಾಳಾಸಾಹೇಬರು, “ಮುಂದಿನ ವಾರ ಖರೇ ತಪಾಸಣಿ. ಅಷ್ಟರಾಗ ಯಾವುದರ ಒಂದು ಖೊಟ್ಟಿ ತಪಾಸಣಿ ತುಂಬಿ ಕೈ ಪಳಗಿಸಿಕೋ.”

ಸಿದರಾಯನಿಗೆ ಹುರುಪು ಬಂತು. ಕಾರ್ಖಾನೆಯ ಸುಳ್ಳು ತಪಾಸಣೆ ಯಾಕೆ ತುಂಬಬೇಕು, ಮನೆಯದೇ ಇದೆಯಲ್ಲ! ಜಾಗ: ಖಾನಾಪುರ. ದಿನ: ಭಾನುವಾರ, ಹನ್ನೊಂದು ಗಂಟೆ. ತಪಾಸಕರ ಹೆಸರು ಮತ್ತು ಮೊಬೈಲ್ ನಂಬರು ತುಂಬದೆ ಅದು ಮುಂದೆ ಹೋಗಲೊಲ್ಲದು, ಅದೂ ಇಬ್ಬರದು ಬೇಕು. ಒಂದು, ಹುಡುಗಿಯ ಕಾಕಾ ಬಾಳೇಶ. ಇಡೀ ನೌಕರಿ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಇನ್ನೊಂದು ಯಾರದೆಂದು ತಲೆ ಕೆರೆದುಕೊಂಡು ಶೀತಲಳದನ್ನೇ ತುಂಬಿದ.

ಆಮೇಲೆ ದೋಷಗಳು. ಪ್ರತಿ ದೋಷದ ಮುಂದೆ ‘ಪರಿಹಾರ’ ಎಂಬ ಖಾನೆ. ಸಿದರಾಯ ಪ್ರಾಮಾಣಿಕವಾಗಿ ಟೈಪು ಮಾಡಿದ. ಉತ್ತರದ ಗೋಡೆಗೆ ಬಿರುಕು, ಪರಿಹಾರ, ಕ್ಯಾಲೆಂಡರ್. ಫ್ರಿಜ್ ತಂಪಾಗುವುದಿಲ್ಲ, ಪರಿಹಾರ, ಬೆಳಗ್ಗೆಯೇ ಒಳಗೆ ಬರ್ಫ ಇಡುವುದು. ಅವ್ವನ ಬಾಯಿ, ಪರಿಹಾರ, ಅಡಿಗೆ ಮನೆ ಬಿಟ್ಟು ಹೊರಗೆ ಬರದಂತೆ ಮಾಡುವುದು. ಕಲ್ಮೇಶ ಮಾವ ಖರೇ ಮಾತಾಡುತ್ತಾನೆ. ಪರಿಹಾರ, ಆ ದಿನ ಲೋಂಡಾಕ್ಕೆ ಕಳಿಸುವುದು. ಹುದ್ದೆ ಗುಮಾಸ್ತ, ಪರಿಹಾರ, ಮ್ಯಾನೇಜರ್ ಅನ್ನುವುದು. ವಯಸ್ಸಿನದು ಹೀಗೆಯೇ. ಹತ್ತಾದವು. ಹನ್ನೊಂದನೆಯದನ್ನು ಬರೆಯುವಾಗ ಅವನು ಪರದೆಗೆ ಕೈ ಅಡ್ಡ ಹಿಡಿದ.

“ಏನೋ ಅದು?”

“ನಿನಗ್ಯಾಕ? ನಿನ್ನ ಇಲಿ ರಜಿಸ್ಟರ ನೋಡಕೋ ಹೋಗು.”

ಮನೆಯಲ್ಲಿ ಅವನು ತಾಯಿಯ ಫೋನಿಗೂ ಬಾಜೂ ಮನೆಯ ಸತ್ಯವ್ವನ ಫೋನಿಗೂ ‘ಸಜ್ಜು’ ಹಾಕಿಕೊಟ್ಟ. ಕೆಲಸ ಮಾಡುವವಳು ಮಾಯಕ್ಕ, ಒಪ್ಪುವವಳು ಸತ್ಯವ್ವ. ಗಂಡಸರು ಮಾಡುವ ತಪ್ಪುಗಳಲ್ಲಿ ಇದು ದೊಡ್ಡದು. ಈ ಇಬ್ಬರ ಮನೆಗಳ ನಡುವೆ ಒಂದು ಗೋಡೆ ಮಾತ್ರ, ಆ ಗೋಡೆ ಯಾರದೆಂಬ ವಿಷಯಕ್ಕೆ ಎಂಟು ವರ್ಷದಿಂದ ಮಾತಿಲ್ಲ.

“ನೆಲಾ ನಾ ತೊಳದೇನಿ, ನಾ ಒರಸೇನಿ,” ಮಾಯಕ್ಕ ಹರಿಹಾಯ್ದಳು. “ಅದು ಚಲೋ ಆಗೈತಿ ಅನ್ನಾಕ ಆಕಿ ಯಾಕ ಬೇಕೊ?”

“ಮಾಡಿದವರ ನೋಡೂ ಹಂಗಿಲ್ಲ ಯವ್ವಾ. ನಿಯಮ ಐತಿ.”

“ನಿನ್ನ ಹಡದಾಕಿ ನಾ. ನನ್ನ ಮಗಾ ಶ್ಯಾಣ್ಯಾ ಅಂತ ಊರ ತುಂಬ ನಾನ ಹೇಳಕೋತ ಅಡ್ಡಾಡತೇನಿ. ಅದಕ್ಕೂ ಸತ್ಯವ್ವನ ಸಹಿ ಬೇಕೇನು ಹಂಗಾರ?”

ಸಿದರಾಯ ಉತ್ತರಿಸುವ ಮೊದಲೇ ಸತ್ಯವ್ವ ಹೊಸ್ತಿಲ ಮೇಲೆ ಬಂದು ನಿಂತಿದ್ದಳು. ಕಣ್ಣಿಗೆ ಚಾಳೀಸಿನ ಕನ್ನಡಕ, ಸೆರಗು ಸೊಂಟಕ್ಕೆ. ಎಂಟು ವರ್ಷದಿಂದ ನೋಡದ ಅಡಿಗೆ ಮನೆಯನ್ನು ಅವಳು ಎಂಟೂ ವರ್ಷಕ್ಕಾಗುವಷ್ಟು ನೋಡಿದಳು. ಬರಿಗಾಲಲ್ಲಿ ನೆಲ ಉಜ್ಜಿದಳು. ಫೋಟೋ ಹೊಡೆದಳು. ಷರಾ ಬರೆದಳು: ‘ನೆಲಾ ಜಿಗಿಜಿಗಿ ಐತಿ. ಒಪ್ಪಂಗಿಲ್ಲ.’

ಮಾಯಕ್ಕ ಮತ್ತೆ ತೊಳೆದಳು. ಮರುದಿನದ ಷರಾ: ‘ಮೂಲ್ಯಾಗ ಜಾಡ. ಒಪ್ಪಂಗಿಲ್ಲ.’ ಜೇಡರ ಬಲೆ ತೆಗೆದರು. ಅದರ ಮರುದಿನದ ಷರಾ: ‘ಜಾಡ ಹೋತು. ಚಾದಾಗ ಶುಂಠಿ ಕಡಿಮಿ. ಒಪ್ಪಂಗಿಲ್ಲ.’ ಚಹಾದ ವಿಷಯ ಪಟ್ಟಿಯಲ್ಲೇ ಇರಲಿಲ್ಲ. ಆದರೆ ಅಧಿಕಾರ ಕೈಗೆ ಬಂದ ಮೇಲೆ ಪಟ್ಟಿಯನ್ನು ಯಾರು ನೋಡುತ್ತಾರೆ?

“ನನ್ನ ಮನಿ ಚಾ ಕುಡದು ನನಗ ಶುಂಠಿ ಹೇಳತಾಳ!” ಎಂದು ಮಾಯಕ್ಕ ಶುಕ್ರವಾರ ಬಾಗಿಲು ಹಾಕಿಕೊಂಡಳು. ಮನೆ ಕನ್ನಡಿಯಂತೆ ಹೊಳೆಯುತ್ತಿತ್ತು, ಆದರೆ ಒಪ್ಪಿಗೆ ಒತ್ತುವವರು ಯಾರೂ ಇಲ್ಲ. ಶನಿವಾರ ಬೆಳಗ್ಗೆ ಹನ್ನೊಂದೂ ದೋಷಗಳ ಗಡುವು ಮೀರಿ, ಮೂರನೆಯ ಸುಧಾರಣೆಯ ಪ್ರಕಾರ ಬಾಳಾಸಾಹೇಬರ ಫೋನು ಕೆಂಪಾಯಿತು.

ಬಾಳಾಸಾಹೇಬರು ದೊಡ್ಡ ಅಕ್ಷರವನ್ನಷ್ಟೇ ಓದುವವರು. ‘ಉತ್ತರದ ಗೋಡೆಗೆ ಬಿರುಕು.’ ಅವರು ಎದ್ದವರೇ ಕಾರ್ಖಾನೆಯ ಸೂಪರ್‌ವೈಜರ್ ಗುರುಸಿದ್ದನನ್ನು ಕರೆದರು.

“ಉತ್ತರದ ಗೋಡಿ ಬಿರತೈತಿ, ನೀ ಏನ ಮಾಡಾಕತ್ತಿ?”

“ಉತ್ತರಕ್ಕ ನಮಗ ಗೋಡಿನ ಇಲ್ಲಲ್ರಿ ಸಾಹೇಬ್ರ. ಶಟರ್ ಐತಿ.”

ಬಾಳಾಸಾಹೇಬರು ಕನ್ನಡಕ ಹಾಕಿಕೊಂಡು ಮತ್ತೆ ಓದಿದರು. ಜಾಗ: ಖಾನಾಪುರ. ಸಾಫ್ಟ್‌ವೇರಿನ ನೆತ್ತಿಯ ಮೇಲೆ ಅವರದೇ ಕಾರ್ಖಾನೆಯ ಹೆಸರು, ಅವರದೇ ಲೈಸೆನ್ಸ್ ನಂಬರು. ಕೆಳಗೆ ಖಾನಾಪುರದ ವಿಳಾಸ. ನಾಳೆ ಹನ್ನೊಂದಕ್ಕೆ ತಪಾಸಣೆ, ಬರುವವರು ಇಬ್ಬರು ತಪಾಸಕರು. ಅಂದರೆ ಈ ಸಿದರಾಯ ಖಾನಾಪುರದಲ್ಲಿ ಅವರ ಹೆಸರಿನಲ್ಲಿ ಕಳ್ಳ ಕಾರ್ಖಾನೆ ತೆಗೆದಿದ್ದಾನೆ! ‘ಮ್ಯಾನೇಜರ್ ಅನ್ನುವುದು’ ಅಂತಲೂ ಬರೆದುಕೊಂಡಿದ್ದಾನೆ! ಸಿದರಾಯನಿಗೆ ಫೋನ್ ಹಚ್ಚಿದರೆ ಅವನು ರಜೆ ಹಾಕಿ, ಫೋನು ಮನೆಯಲ್ಲಿಟ್ಟು, ಕಲ್ಮೇಶ ಮಾವನನ್ನು ಲೋಂಡಾ ರೈಲಿಗೆ ಹತ್ತಿಸಲು ಸ್ಟೇಷನ್ನಿಗೆ ಹೋಗಿದ್ದ.

ಭಾನುವಾರ ಹತ್ತಕ್ಕೆ ಖಾನಾಪುರದ ಸ್ಟ್ಯಾಂಡಿನಲ್ಲಿ ಬಾಳಾಸಾಹೇಬರ ಜೀಪು ನಿಂತಿತ್ತು. ಒಳಗೆ ಗುರುಸಿದ್ದ, ಇಬ್ಬರು ಬಣ್ಣದವರು, ಎರಡು ಬಕೆಟ್ಟು ಹಳದಿ ಬಣ್ಣ. ಕಾರ್ಖಾನೆ ಕಳ್ಳತನದ್ದಾದರೂ ಲೈಸೆನ್ಸು ತಮ್ಮದು, ತಪಾಸಕರು ಬರುವಷ್ಟರಲ್ಲಿ ಗೋಡೆಯಾದರೂ ಸರಿಯಾಗಲಿ ಎಂಬುದು ಅವರ ಲೆಕ್ಕ. ಮನೆ ತೋರಿಸಲು ನನ್ನನ್ನು ಹತ್ತಿಸಿಕೊಂಡರು.

“ಸಾಹೇಬ್ರ, ಅದು ಕಾರ್ಖಾನಿ ಅಲ್ರಿ, ಅವನ ಮನಿ...”

“ಎಲ್ಲಾ ಕಳ್ಳ ಕಾರ್ಖಾನಿ ಮನಿಯೊಳಗ ಇರತಾವ. ಬಾಯಿ ಮುಚ್ಚು.”

ಮುಚ್ಚಿದೆ. ಮಾಲೀಕರು ಹೇಳಿದ ಮೇಲೆ ಮುಚ್ಚುವುದೇ.

ಒಳಗೆ ಹೋದ ಬಾಳಾಸಾಹೇಬರಿಗೆ ಮೊದಲು ಕಂಡದ್ದು ಅಟ್ಟದ ಮೇಲಿನ ಮೂರು ಉಪ್ಪಿನಕಾಯಿ ಭರಣಿಗಳು. “ಮಾಲು ಸಿಕ್ಕತು!” ಎಂದು ಅವರು ಕೂಗಿದರು.

“ಯಾವ ಮಾಲ ರೀ?” ಮಾಯಕ್ಕ ಸೌಟು ಹಿಡಿದೇ ಬಂದಳು. “ವರ್ಷದ್ದು ಹಾಕೇನಿ. ಮನೀಗೆ.”

“ಮನೀಗೆ ಮೂರು ಭರಣಿ?”

“ನನ್ನ ಮಗಾ ಉಂಡರ ನಾಕ ಬೇಕು. ನೀವ್ಯಾರು?”

ಬಾಳಾಸಾಹೇಬರು ಸಾಕ್ಷಿಗೆಂದು ಒಂದು ಹೋಳು ಬಾಯಿಗೆ ಹಾಕಿಕೊಂಡರು. ತಮ್ಮ ಕಾರ್ಖಾನೆಯ ಮಾಲು ಇದಲ್ಲ ಎಂಬುದು ನಾಲಿಗೆಗೆ ಗೊತ್ತಾಗಿತ್ತು. ಇದು ರುಚಿಯಾಗಿತ್ತು. ಅಷ್ಟರಲ್ಲಿ ಬಣ್ಣದವರು, ಹೇಳಿಸಿಕೊಂಡ ಕೆಲಸ ತಪ್ಪದೆ ಮಾಡುವ ಜನ, ಕ್ಯಾಲೆಂಡರ್ ಕಿತ್ತು, ಬಿರುಕು ಮೆತ್ತಿ, ಉತ್ತರದ ಗೋಡೆಗೆ ಹಳದಿ ಬಳಿದು ಮುಗಿಸಿದ್ದರು. ಬರ್ಫ ಹಿಡಿದು ಹಿತ್ತಲ ಬಾಗಿಲಿಂದ ಬಂದ ಸಿದರಾಯ ತನ್ನ ಮನೆಯಲ್ಲಿ ತನ್ನ ಮಾಲೀಕರನ್ನು ಕಂಡು ಬರ್ಫ ಕೆಳಗೆ ಹಾಕಿದ.

“ಸಾಹೇಬ್ರ! ನೀವು ಇಲ್ಲಿ? ಕಾಕತಿಯವರು ಹೆಣ್ಣಿನ ಕಡಿಂದ ಮನಿ ನೋಡಾಕ ಬರಾಕತ್ತಾರ್ರಿ!”

ಬಾಳಾಸಾಹೇಬರಿಗೆ ಲೈಸೆನ್ಸು ಉಳಿದ ಸಮಾಧಾನ ಆಗಬೇಕಿತ್ತು. ಸಿಟ್ಟು ಬಂತು. ಸಿಟ್ಟು ತೀರಿಸಿಕೊಳ್ಳಲು ಸಮಯವಿರಲಿಲ್ಲ. ಹೊರಗೆ ಗಾಡಿ ನಿಂತು ಹನ್ನೆರಡು ಜನ ಇಳಿಯುತ್ತಿದ್ದರು.

“ಬರ್ರಿ, ಬರ್ರಿ, ಕುಂದರ್ರಿ,” ಎಂದ ಸಿದರಾಯ, ಸತ್ತ ದನಿಯಲ್ಲಿ.

ಬಾಳೇಶ ಕಾಕಾ ಬಿಳಿ ಅಂಗಿ, ಬಿಳಿ ಟೊಪ್ಪಿಗೆ, ಕೈಯಲ್ಲಿ ಫೋನು. ಮಾತಾಡದೆ ಬಂದು ಜಮಖಾನದ ಮೇಲೆ ಕುಳಿತು ನೆಟ್ಟಗೆ ಹಸಿ ಗೋಡೆಗೆ ಒರಗಿದರು. ಅಲ್ಲಿದ್ದ ನಾವೆಲ್ಲ ನೋಡಿದೆವು. ಹೇಳುವ ಧೈರ್ಯ ಒಬ್ಬರಿಗೂ ಬರಲಿಲ್ಲ. ಆಗ ಬಾಗಿಲಲ್ಲಿ ಒಂದು ದನಿ ಕೇಳಿಸಿತು.

“ಯಜಮಾನರ, ನಿಮ್ಮ ಬೆನ್ನಿಗೆ ಬಣ್ಣ ಹತ್ತೇತ್ರಿ.”

ಕಲ್ಮೇಶ ಮಾವ! “ಲೋಂಡಾದಾಗ ನನಗ ಏನೂ ಕೆಲಸ ಇರಲಿಲ್ಲೋ ಸಿದರಾಯಾ. ರಾತ್ರಿ ಉಳದು, ಮುಂಜಾನಿ ರೈಲಿಗೆ ಹೊಳ್ಳಿ ಬಂದೆ.”

“ನೀವು ಕಲ್ಮೇಶ ಏನು?” ಎಂದರು ಬಾಳೇಶ ಕಾಕಾ, ಬೆನ್ನು ಮುಟ್ಟಿ ನೋಡಿಕೊಳ್ಳದೆ. “ನಾಕನೇ ದೋಷ. ಲೋಂಡಾಕ್ಕ ಕಳಸೂದಿತ್ತಲ್ಲ? ಈ ಗೋಡಿ ಮೊದಲನೇದು. ಕ್ಯಾಲೆಂಡರ್ ಎಲ್ಲಿ ಹೋತು?”

ಬಾಳೇಶ ಕಾಕಾ ಫೋನು ತಿರುಗಿಸಿ ತೋರಿಸಿದರು. ಹನ್ನೊಂದು ದೋಷಗಳು, ಫೋಟೋ ಸಮೇತ.

ಪೂರ್ಣಿಮಾ ಮೇಡಂ ಹೇಳಿದ್ದ ನಾಲ್ಕನೆಯ ಸುಧಾರಣೆ ಇದು: ತಪಾಸಕರಿಗೆ ಪಟ್ಟಿ ಮೊದಲೇ ಹೋಗುತ್ತದೆ, ಬದಲಾದಾಗಲೆಲ್ಲ ಮತ್ತೆ ಹೋಗುತ್ತದೆ, ಅವರೂ ಅದರಲ್ಲಿ ಬರೆಯಬಹುದು, ಮುಚ್ಚಿಡುವ ಮಾತೇ ಇಲ್ಲ. ಹೀಗೆ ವಾರವಿಡೀ ಸಿದರಾಯನ ಮನೆ ಕಾಕತಿಗೆ ಹೋಗುತ್ತಿತ್ತು.

“ನಾ ಮೂವತ್ತ ವರ್ಷ ಬಸ್ಸಿನ್ಯಾಗ ಟಿಕೇಟ ತಪಾಸೇನಿ,” ಎಂದರು ಬಾಳೇಶ ಕಾಕಾ. “ಟಿಕೇಟ ಇಲ್ಲದಾಂವ ನಿದ್ದಿ ಬಂದಂಗ ಮಾಡತಾನ. ಕಿಸೆ ತಡಕತಾನ. ಹೇಣ್ತಿ ಕಡೆ ಐತಿ ಅಂತಾನ, ಹೇಣ್ತಿ ಬಸ್ಸಿನ್ಯಾಗ ಇರೂದಿಲ್ಲ. ಆದ್ರ, ‘ಸಾಹೇಬ್ರ, ನನ್ನ ಕಡೆ ಟಿಕೇಟ ಇಲ್ಲ, ಹಿಂದಿನ ಸೀಟಿನ್ಯಾಗ ಕುಂತೇನಿ, ಬರ್ರಿ’ ಅಂತ ಮೊದಲ ಚೀಟಿ ಕಳಿಸಿದಾಂವನ್ನ ನಾ ನೋಡಿದ್ದಿಲ್ಲ.”

ಜೊತೆಗೆ ಬಂದ ಹೆಂಗಸೊಬ್ಬಳು ಕೇಳಿದಳು, “ಸತ್ಯವ್ವ ಅನ್ನೋರು ಯಾರ್ರಿ? ನಮ್ಮ ಮನ್ಯಾಗ ದಿನಾ ಸಂಜೀಕೆ, ಇವತ್ತ ಸತ್ಯವ್ವ ಏನ ಬರದಾರ ಅಂತ ಎಲ್ಲಾರೂ ಕಾಯ್ತಿದ್ವಿ.” ಕಿಟಕಿಯ ಆಚೆ ನಿಂತಿದ್ದ ಸತ್ಯವ್ವ ಸೆರಗು ಸರಿಮಾಡಿಕೊಂಡಳು.

“ನಗಬ್ಯಾಡ್ರಿ,” ಎಂದು ಬಾಳೇಶ ಕಾಕಾ ಗದರಿದರು. “ಗೋಡಿ ಬಿರತರ ಮೆತ್ತಬಹುದು. ಇಲ್ಲಿ ನೋಡ್ರಿ, ಹುದ್ದೆ ಗುಮಾಸ್ತ, ಮ್ಯಾನೇಜರ್ ಅನ್ನುವುದು. ನಿಮ್ಮ ಮಾಲಕರು ಇಲ್ಲೇ ಅದಾರಂತಲ್ಲ. ಸಾಹೇಬ್ರ, ಇಂವ ಮ್ಯಾನೇಜರ್ ಏನ್ರಿ?”

ಬಾಳಾಸಾಹೇಬರು ಇನ್ನೊಂದು ಹೋಳು ಚೀಪುತ್ತಿದ್ದವರು ನುಂಗಿದರು. “ನನ್ನ ಕಾರ್ಖಾನ್ಯಾಗ ಮ್ಯಾನೇಜರ್ ಅನ್ನೂದ ಇಲ್ಲ. ನಾನ ಎಲ್ಲಾ.”

“ವಯಸ್ಸು?”

“ಮೂವತ್ತಾರು,” ಎಂದ ಕಲ್ಮೇಶ ಮಾವ, ಯಾರೂ ಅವನನ್ನು ಕೇಳದಿದ್ದರೂ.

ಬಾಳೇಶ ಕಾಕಾ ಎದ್ದರು. ಬೆನ್ನು ಪೂರ್ತಿ ಹಳದಿ. “ಚಾ ಬ್ಯಾಡ. ನಡೀರಿ.” ಹನ್ನೆರಡೂ ಜನ ಎದ್ದರು. ಮಾಯಕ್ಕ ಆಗಷ್ಟೇ ಚಹಾದ ತಾಟು ಹಿಡಿದು ಹೊರಗೆ ಬಂದಿದ್ದಳು. ಅಂಥ ಬಾಯಿಯ ಮಾಯಕ್ಕ ಮೊದಲ ಸಲ ಏನೂ ಅನ್ನಲಿಲ್ಲ. ನನಗೆ ಅದನ್ನು ನೋಡಲಾಗಲಿಲ್ಲ.

“ಮ್ಯಾಲಿನವಷ್ಟ ಓದಿದ್ರಿ,” ಎಂದ ಕಲ್ಮೇಶ ಮಾವ, ಕಾಕಾನ ಫೋನಿನಲ್ಲಿ ಇಣುಕಿ. “ಹನ್ನೊಂದನೇದೂ ಐತಲ್ರಿ. ಅದನ್ನ ಯಾಕ ಬಿಟ್ರಿ?”

“ಮಾವಾ, ಬ್ಯಾಡ!” ಸಿದರಾಯ ಅಂಗಲಾಚಿದ. ಆದರೆ ಮಾವ ಓದಿಯೇ ಬಿಟ್ಟ.

“ಹುಡುಗನಿಗೆ ಹುಡುಗಿ ಬಹಳ ಮನಸ್ಸಿಗೆ ಬಂದಿದ್ದಾಳೆ. ಈ ಸಲವೂ ಬೇಡ ಅಂದರೆ ಅವನಿಗೆ ತಡೆಯಲು ಆಗುವುದಿಲ್ಲ. ಪರಿಹಾರ: ಗೊತ್ತಿಲ್ಲ.”

ಸಿದರಾಯ ಕೈ ಮುಗಿದು ನಿಂತ. “ಖರೇ ಐತ್ರಿ ಕಾಕಾ. ನಾ ಗುಮಾಸ್ತ ಅದೇನಿ. ಮ್ಯಾನೇಜರ್ ಅಂದದ್ದು ತಪ್ಪಾತು. ಆಕಿಗೆ ಅಷ್ಟ ಹೇಳ್ರಿ, ಬೈಕೋಬ್ಯಾಡ ಅಂತ.”

ಕಾಕಾ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಅವರ ಫೋನು ಟಿಣ್ ಅಂದಿತು. ಬಾಳಾಸಾಹೇಬರದು, ಮಾಯಕ್ಕನದು, ಸತ್ಯವ್ವನದು, ಎಲ್ಲವೂ ಟಿಣ್ ಟಿಣ್ ಅಂದವು. ಹುಡುಗಿ ಮನೆ ನೋಡಲು ಬರುವ ಪದ್ಧತಿ ನಮ್ಮಲ್ಲಿಲ್ಲ, ಶೀತಲ ಕಾಕತಿಯಲ್ಲೇ ಇದ್ದಳು. ಆದರೆ ಎರಡನೆಯ ತಪಾಸಕಿ ಅವಳೇ ಅಲ್ಲವೇ! ಅವಳೊಂದು ಹೊಸ ಪಟ್ಟಿ ತುಂಬಿ ಕಳಿಸಿದ್ದಳು. ‘ಕಾಕತಿ ಮನೆಯ ದೋಷಗಳು.’

ತಪಾಸಣೆಯ ಚಟ ಬಿಡದ ಬಾಳೇಶ ಕಾಕಾ ಗಟ್ಟಿಯಾಗಿಯೇ ಓದತೊಡಗಿದರು. “ಒಂದು, ಹುಡುಗಿಗೆ ಮೂವತ್ತಲ್ಲ, ಮೂವತ್ಮೂರು...” ಅವರು ಕೆಮ್ಮಿದರು. “ಎರಡು, ಅಡಿಗಿ ಬರೂದಿಲ್ಲ. ಚುರುಮುರಿ ಸುಸಲಾ ಒಂದ ಬರತೈತಿ. ಪರಿಹಾರ, ಎರಡೂ ಹೊತ್ತು ಸುಸಲಾ. ಮೂರು, ಸಿಟ್ಟು ಲಗೂನ ಬರತೈತಿ, ತಡಾ ಮಾಡಿ ಹೋಗತೈತಿ. ನಾಕು, ಕಾಕಾ ಬಾಳೇಶ. ಬಂದ ಒಂಬತ್ತ ವರಕ್ಕೂ ದೋಷ ಹುಡುಕಿ ಹೊಳ್ಳಿ ಕಳಿಸ್ಯಾನ. ಪರಿಹಾರ...”

ಅಲ್ಲಿಗೆ ಓದು ನಿಂತಿತು.

“ಓದ್ರಲ್ಲ,” ಎಂದಳು ಮಾಯಕ್ಕ, ದನಿ ತಿರುಗಿ ಬಂದಿತ್ತು. “ಪರಿಹಾರ ಏನ ಬರದಾಳ?”

ಬಾಳೇಶ ಕಾಕಾ ಫೋನನ್ನು ಕಲ್ಮೇಶ ಮಾವನ ಕೈಗೆ ಕೊಟ್ಟು ಮತ್ತೆ ಜಮಖಾನದ ಮೇಲೆ ಕುಳಿತುಬಿಟ್ಟರು. ಮಾವ ಫೋನನ್ನು ದೂರ ಹಿಡಿದು ಒಂದೊಂದೇ ಅಕ್ಷರ ಕೂಡಿಸಿ ಓದಿದ.

“ಪರಿಹಾರ: ಈ ಸಲ ಹೂಂ ಅನ್ನಾಕಿ ನಾನು. ಹೂಂ.”

ಸಿದರಾಯ ಎಲ್ಲರೆದುರಿಗೆ ಹೋ ಎಂದು ಅತ್ತುಬಿಟ್ಟ.

“ಅಳಬ್ಯಾಡೊ ಖೋಡಿ,” ಎಂದು ಮಾಯಕ್ಕ ತಾನೂ ಕಣ್ಣೊರೆಸಿಕೊಳ್ಳುತ್ತ ಗದರಿದಳು, “ಇದರದೂ ಯಾರರ ಫೋಟೋ ಹೊಡದ ಆಕಿಗೆ ಕಳಿಸ್ಯಾರು!”

ಕಿಟಕಿಯ ಆಚೆ ಸತ್ಯವ್ವ ಆಗಲೇ ಕಳಿಸಿದ್ದಳು. ಕೆಳಗೆ ಷರಾ ಕೂಡ ಬರೆದಿದ್ದಳು: ‘ಹುಡುಗ ಚಲೋ ಅದಾನ. ಒಪ್ಪೇನಿ.’